ಬೈಕಿನ ಜಿಪಿಎಸ್‌ಗೆ ಮೊದಲು ಫ್ಯೂಸ್ ಹಾಕಿ

ಮಾನ್ಯ ಸಂಪಾದಕರೇ,

ಬೈಕಿನ ಹ್ಯಾಂಡಲ್ ಮೇಲೆ ಮೊಬೈಲನ್ನೋ ಜಿಪಿಎಸ್ ಸಾಧನವನ್ನೋ ಕೂರಿಸಿಕೊಂಡು ದಾರಿ ನೋಡುತ್ತಾ ಹೋಗುವುದು ಈಗ ಮಾಮೂಲಿ. ಯಾವ ಆ್ಯಪ್ ಒಳ್ಳೆಯದು, ಯಾವುದರ ಪರದೆ ದೊಡ್ಡದು ಎಂದು ವಾಹನ ಪುರವಣಿಗಳಲ್ಲಿ ಬೇಕಾದಷ್ಟು ಬರುತ್ತದೆ. ಅದನ್ನು ಬೈಕಿಗೆ ಭದ್ರವಾಗಿ ಕೂರಿಸುವುದು ಹೇಗೆ, ಕರೆಂಟು ಎಲ್ಲಿಂದ ಕೊಡಬೇಕು ಎಂಬುದು ಮಾತ್ರ ಬರುವುದಿಲ್ಲ. 'ನಡುದಾರಿಯಲ್ಲಿ ಜಿಪಿಎಸ್ ಕೈಕೊಟ್ಟಿತು' ಎಂದು ದೂರುವವರ ಬೈಕನ್ನು ಬಿಚ್ಚಿ ನೋಡಿದರೆ ಅಲ್ಲಿ ಕಾಣುವುದು ಸಡಿಲ ಕ್ಲ್ಯಾಂಪು, ಟೇಪು ಸುತ್ತಿದ ಜೋಡಣೆ, ಫ್ಯೂಸೇ ಇಲ್ಲದ ತಂತಿ. ಉಪಗ್ರಹವನ್ನು ಬೈಯುವ ಮೊದಲು ಇವನ್ನು ಸರಿಮಾಡಿಕೊಳ್ಳಬೇಕು ಎಂಬ ಕಾಳಜಿಯಿಂದ ಈ ಪತ್ರ.

ಮೊದಲು ಕರೆಂಟಿನ ಮಾತು. ಬೈಕಿನ ಬ್ಯಾಟರಿ 12 ವೋಲ್ಟಿನದು, ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಮೊಬೈಲಿಗೆ ಬೇಕಾದದ್ದು 5 ವೋಲ್ಟ್. ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕೇ ಬೇಕು, ಅದು 5 ವೋಲ್ಟಿನಲ್ಲಿ ಕನಿಷ್ಠ 2 ಆಂಪಿಯರ್ ಕೊಡುವಂತಿರಬೇಕು. ಅರ್ಧ ಆಂಪಿಯರಿನ ಅಗ್ಗದ ಕನ್ವರ್ಟರ್ ಹಾಕಿದರೆ, ಪರದೆ ಪೂರ್ತಿ ಬೆಳಗಿ ನಕ್ಷೆ ಓಡುವಾಗ ಚಾರ್ಜಿಂಗ್ ಗುರುತು ಕಾಣಿಸುತ್ತಲೇ ಇದ್ದು ಫೋನಿನ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. 5 ವೋಲ್ಟ್, 2 ಆಂಪಿಯರ್ ಎಂದರೆ 10 ವ್ಯಾಟ್. ಪರಿವರ್ತನೆಯ ನಷ್ಟ ಸೇರಿಸಿದರೂ ಬೈಕಿನ ಬ್ಯಾಟರಿಯಿಂದ ಎಳೆಯುವುದು ಹೆಚ್ಚೂ ಕಡಿಮೆ 1 ಆಂಪಿಯರ್. ಹಾಗಾಗಿ 2 ಅಥವಾ 3 ಆಂಪಿಯರಿನ ಫ್ಯೂಸ್ ಸಾಕು. ಕೈಗೆ ಸಿಕ್ಕಿತೆಂದು 15 ಆಂಪಿಯರಿನದು ಹಾಕಿದರೆ, ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ಸಣ್ಣ ತಂತಿಯೇ ಸುಡಬಹುದು. ಫ್ಯೂಸ್ ಇರುವುದು ತಂತಿಯನ್ನು ಕಾಯಲಿಕ್ಕೆ, ಮೊಬೈಲನ್ನಲ್ಲ. ಅದನ್ನು ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಹಾಕಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇಲ್ಲ. ಅದು ಫ್ರೇಮಿಗೆ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿಯ ಶಕ್ತಿಯೆಲ್ಲ ಅದರಲ್ಲೇ ಹರಿಯುತ್ತದೆ. ಹ್ಯಾಂಡಲಿನ ಹತ್ತಿರ ಫ್ಯೂಸ್ ಹಾಕಿದವರು ಟ್ಯಾಂಕಿನ ಕೆಳಗೆ ಹಾದುಹೋಗುವ ಮೀಟರ್ ಉದ್ದದ ತಂತಿಯನ್ನು ಬೆತ್ತಲೆ ಬಿಟ್ಟಂತೆ.

ಕನ್ವರ್ಟರನ್ನು ನೇರ ಬ್ಯಾಟರಿಗೆ ಜೋಡಿಸುವುದು ಸುಲಭ, ಆದರೆ ಅದು ಮೊಬೈಲ್ ಇಲ್ಲದಾಗಲೂ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತದೆ. 10 ಮಿಲಿ ಆಂಪಿಯರ್ ಎಂದೇ ಇಟ್ಟುಕೊಳ್ಳಿ. ದಿನಕ್ಕೆ 0.24 ಆಂಪಿಯರ್ ಅವರ್, ಮೂರು ವಾರಕ್ಕೆ 5. ಸಣ್ಣ ಬೈಕಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಅಷ್ಟಿರುತ್ತದೆ. ಬೈಕನ್ನು ನಿಲ್ಲಿಸಿ ಊರಿಗೆ ಹೋಗಿ ಬಂದವರು ಸ್ಟಾರ್ಟರ್ ಒತ್ತಿದರೆ 'ಟಿಕ್' ಎಂಬ ಸದ್ದಷ್ಟೇ ಕೇಳುವುದು ಇದರಿಂದ.

ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವಂತೆ ಮಾಡಲು ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟು ಕೊಟ್ಟಾಗ ಬೇರೊಂದು ಹಾದಿಯ ಕರೆಂಟನ್ನು ಕೂಡಿಸುವ ಸ್ವಿಚ್ಚು) ಸರಿಯಾದ ದಾರಿ. 30ನೇ ಪಿನ್ನಿಗೆ ಫ್ಯೂಸ್ ದಾಟಿ ಬಂದ ಬ್ಯಾಟರಿ ಪಾಸಿಟಿವ್, 87ಕ್ಕೆ ಕನ್ವರ್ಟರ್, 85ಕ್ಕೆ ನೆಗೆಟಿವ್, 86ಕ್ಕೆ ಕೀಲಿ ಹಾಕಿದಾಗ ಮಾತ್ರ ಜೀವ ಬರುವ ಯಾವುದಾದರೊಂದು ತಂತಿ. ಹಿಂದಿನ ದೀಪದ ತಂತಿ ಇದಕ್ಕೆ ಸೂಕ್ತ. ರಿಲೇಯ ಕಾಯಿಲ್ ಎಳೆಯುವುದು 0.15 ಆಂಪಿಯರಿನಷ್ಟು; ಮೂಲ ವೈರಿಂಗಿಗೆ ಭಾರ ಬೀಳುವುದಿಲ್ಲ. ಕಂಪನಿಯೇ ಕೊಟ್ಟ ಹೆಚ್ಚುವರಿ ಕನೆಕ್ಟರ್ ಇರುವ ಬೈಕಾದರೆ ರಿಲೇ ಗೊಡವೆಯೇ ಬೇಡ, ಅದರ ಮಿತಿ ಎಷ್ಟೆಂದು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಂಡು ಬಳಸಬಹುದು. ಇಂಧನ ಪಂಪು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ತಂತಿಗಳನ್ನು ಮಾತ್ರ ಯಾರೂ ಮುಟ್ಟಬಾರದು.

ಹೆಡ್‌ಲೈಟ್ ತಂತಿಯಿಂದ ಕರೆಂಟು ಕದಿಯುವವರು ಬಹಳ. ಅದರಲ್ಲಿ ಎರಡು ತೊಡಕಿವೆ. ಹಲವು ಬೈಕುಗಳಲ್ಲಿ ಸ್ಟಾರ್ಟರ್ ಒತ್ತಿದ ಗಳಿಗೆ ಹೆಡ್‌ಲೈಟ್ ಆರುತ್ತದೆ, ಪ್ರತಿ ಸಲವೂ ಸಾಧನದ ಕರೆಂಟು ತಪ್ಪಿ ಮತ್ತೆ ಬರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಕೆಲವು ಹಳೆಯ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟ್ ಉರಿಯುವುದು ಬ್ಯಾಟರಿಯ ಡಿಸಿಯಿಂದಲ್ಲ, ಎಂಜಿನ್ನಿನೊಂದಿಗೆ ತಿರುಗಿ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊದ ಎಸಿ ಕರೆಂಟಿನಿಂದ. ಅಲ್ಲಿ ಜೋಡಿಸಿದ ಕನ್ವರ್ಟರ್ ಸುಟ್ಟುಹೋದರೆ ಆಶ್ಚರ್ಯವಿಲ್ಲ. ತಂತಿ ಕತ್ತರಿಸುವ ಮೊದಲು ಮಲ್ಟಿಮೀಟರನ್ನು ಡಿಸಿಯಲ್ಲಿಟ್ಟು ಕೀಲಿ ಹಾಕಿ ಒಮ್ಮೆ, ತೆಗೆದು ಒಮ್ಮೆ, ಎಂಜಿನ್ ಓಡಿಸಿ ಒಮ್ಮೆ ಅಳೆದರೆ ಎರಡು ನಿಮಿಷದ ಕೆಲಸ.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಇನ್ನೂ ಇರುವಾಗಲೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಫ್ರೇಮಿಗೆ ತಗುಲಿದರೆ ಕಿಡಿ ಹಾರುತ್ತದೆ. ತಂತಿ 0.75 ಚದರ ಮಿ.ಮೀ. ತಾಮ್ರದ್ದಿರಲಿ. ಎರಡು ತುದಿ ತಿರುಚಿ ಟೇಪು ಸುತ್ತುವುದು ಮನೆಯ ಗೋಡೆಯೊಳಗೂ ತಪ್ಪು, ಬೈಕಿನಲ್ಲಂತೂ ನಡುಕಕ್ಕೆ ಬಿಚ್ಚಿಯೇ ಬಿಚ್ಚುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ (ಲೋಹದ ತುದಿಯೊಳಗೆ ತಂತಿಯಿಟ್ಟು ಅದುಮಿ), ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಬೇಕು. ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ತಂತಿ ಗಡುಸಾಗಿ ಅಲ್ಲೇ ಮುರಿಯುತ್ತದೆ. ಆ ಜಾಗ ಅಲುಗದಂತೆ ಕಟ್ಟಬೇಕು.

ಕನ್ವರ್ಟರ್ ಎಲ್ಲಿರಬೇಕು ಎಂಬುದನ್ನು ಯೋಚಿಸುವವರು ಕಡಿಮೆ. ಸೀಟಿನ ಕೆಳಗೆ ಅದನ್ನಿಟ್ಟು ಅಲ್ಲಿಂದ ಉದ್ದದ ಯುಎಸ್‌ಬಿ ಕೇಬಲ್ ಎಳೆಯುವ ರೂಢಿಯಿದೆ. ಅಗ್ಗದ ಕೇಬಲ್ಲಿನೊಳಗಿನ ತಂತಿ ತೀರಾ ಸಣ್ಣ, 28 ಗೇಜಿನದ್ದಾಗಿದ್ದು ಒಂದೂವರೆ ಮೀಟರ್ ಉದ್ದವಿದ್ದರೆ, ಕರೆಂಟು ಹೋಗಿಬರುವ ಹಾದಿ 3 ಮೀಟರ್, ರೋಧ 0.64 ಓಮ್. 2 ಆಂಪಿಯರಿಗೆ ಸುಮಾರು 1.3 ವೋಲ್ಟ್ ಹಾದಿಯಲ್ಲೇ ಸೋರಿಹೋಗುತ್ತದೆ. ಫೋನು ಇದನ್ನು ಕಂಡು ಕರೆಂಟು ಎಳೆಯುವುದನ್ನೇ ತಗ್ಗಿಸುತ್ತದೆ. ಬಳಕೆದಾರ ಕನ್ವರ್ಟರ್ ಬದಲಿಸುತ್ತಾನೆ, ಫೋನು ಬದಲಿಸುತ್ತಾನೆ, ಕೇಬಲ್ ಮಾತ್ರ ಹಾಗೇ ಇರುತ್ತದೆ. ಉದ್ದದ ದಾರಿಯನ್ನು 12 ವೋಲ್ಟಿನಲ್ಲೇ ಕ್ರಮಿಸಿ, ಕನ್ವರ್ಟರನ್ನು ಹ್ಯಾಂಡಲಿನ ಸಮೀಪಕ್ಕೆ ತಂದು, ಅಲ್ಲಿಂದ ಅರ್ಧ ಮೀಟರಿನೊಳಗಿನ ದಪ್ಪ ಕೇಬಲ್ ಬಳಸುವುದು ಒಳ್ಳೆಯದು. ಹಾಗೆಂದು ಸಾಧನದ ಬೆನ್ನಿಗೇ ಅಂಟಿಸಬಾರದು. ಕಳಪೆ ಕನ್ವರ್ಟರುಗಳು ರೇಡಿಯೊ ಗದ್ದಲ ಎಬ್ಬಿಸುತ್ತವೆ, ಉಪಗ್ರಹದಿಂದ ಬರುವ 1575.42 ಮೆಗಾಹರ್ಟ್ಸ್ ಸಂಕೇತವೋ ತೀರಾ ಕ್ಷೀಣ. ಉಪಗ್ರಹಗಳ ಸಂಕೇತಬಲ ತೋರಿಸುವ ಪುಟ ತೆರೆದಿಟ್ಟುಕೊಂಡು ಚಾರ್ಜಿಂಗ್ ಕೇಬಲ್ ಚುಚ್ಚಿ ನೋಡಿ, ತೆಗೆದು ನೋಡಿ. ಚುಚ್ಚಿದೊಡನೆ ಕಡ್ಡಿಗಳು ಕುಸಿದರೆ ಕಳ್ಳ ಸಿಕ್ಕಿದಂತೆಯೇ.

ತಂತಿ ಎಳೆದಾದ ಮೇಲೆ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಎಂಜಿನ್ ಸುಮ್ಮನೆ ಓಡಲು ಬಿಟ್ಟು, ಹ್ಯಾಂಡಲನ್ನು ಎಡತುದಿಯಿಂದ ಬಲತುದಿಯವರೆಗೆ ನಿಧಾನವಾಗಿ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಹೊಸ ತಂತಿ ಎಕ್ಸಲೇಟರ್ ಕೇಬಲನ್ನು ಎಳೆಯುತ್ತಿದೆ ಎಂದರ್ಥ. ರಸ್ತೆ ತಿರುವಿನಲ್ಲಿ ತಾನೇ ತಾನಾಗಿ ವೇಗ ಏರುವ ಬೈಕು ಅದು, ಅದನ್ನು ಹಾಗೇ ಓಡಿಸಬಾರದು. ಹ್ಯಾಂಡಲ್ ಪೂರ್ತಿ ತಿರುಗಿದಾಗ ಫ್ರೇಮಿಗೆ ತಾಗುವ ಗಟ್ಟಿ ತುದಿಯ ಬಳಿ ಬೆರಳಿಟ್ಟು ನೋಡಿ, ಎಷ್ಟೋ ಬೈಕುಗಳಲ್ಲಿ ತಂತಿ ಜಜ್ಜಿಹೋಗಿರುವುದು ಅಲ್ಲೇ. ಬ್ರೇಕ್ ಪೈಪಿಗೆ ಟೈ ಹಾಕಿ ಬಿಗಿಯುವುದೂ ಬೇಡ.

ಇನ್ನು ಸಾಧನವನ್ನು ಕೂರಿಸುವ ಹಿಡಿಕೆ. ಹ್ಯಾಂಡಲ್ ಕೊಳವೆಯ ಸಾಮಾನ್ಯ ಅಳತೆ 22.2 ಮಿ.ಮೀ.; ಕ್ರೂಸರ್ ಮಾದರಿಗಳಲ್ಲಿ 25.4, ನಡು ದಪ್ಪಗಿರುವ ಹ್ಯಾಂಡಲುಗಳಲ್ಲಿ 28.6 ಇರುವುದುಂಟು. ಅಳೆದು ತರಬೇಕು. ದೊಡ್ಡ ಕ್ಲ್ಯಾಂಪಿನೊಳಗೆ ಟ್ಯೂಬಿನ ತುಂಡು ಸುತ್ತಿ ತುಂಬಿದರೆ ರಸ್ತೆಯ ಎರಡು ಗುಂಡಿ ದಾಟುವಷ್ಟರಲ್ಲಿ ಸಾಧನ ತಲೆ ಬಾಗಿಸುತ್ತದೆ. ಕನ್ನಡಿಯ ಬುಡಕ್ಕೆ ಹಾಕುವ ಹಿಡಿಕೆಗಳಿಗೆ ಬಹುಪಾಲು 10 ಮಿ.ಮೀ. ಬೋಲ್ಟು. ಕೆಲವು ಬೈಕುಗಳಲ್ಲಿ ಬಲಗನ್ನಡಿಯ ಮರೆ (ತಿರುಪಿನ ಸುತ್ತು) ಎಡಸುತ್ತಿನದು, ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದು. ತಿಳಿಯದೆ ಬಲವಂತ ಮಾಡಿದರೆ ಮರೆಯೇ ಕಿತ್ತುಬರುತ್ತದೆ. ಸಾಧನ ಮೀಟರಿನ ಮೇಲ್ಗಡೆ, ರಸ್ತೆಯ ನೋಟಕ್ಕೆ ಹತ್ತಿರದಲ್ಲಿರಲಿ, ಆದರೆ ಆಯಿಲ್ ಮತ್ತು ನ್ಯೂಟ್ರಲ್ ದೀಪಗಳನ್ನು ಮುಚ್ಚದಿರಲಿ. ಟ್ಯಾಂಕಿನ ಮೇಲಿಟ್ಟರೆ ಪ್ರತಿ ಸಲ ಗದ್ದ ಎದೆಗೆ ತಗುಲುವಷ್ಟು ಬಗ್ಗಬೇಕು. ಮರೆ ಸಡಿಲವಾಗದಂತೆ ಹಾಕುವ ಅಂಟುದ್ರವ ಲೋಹಕ್ಕೆ ಮಾತ್ರ; ಪ್ಲಾಸ್ಟಿಕ್ಕಿಗೆ ತಗುಲಿದರೆ ಅದು ಬಿರುಕು ಬಿಡುತ್ತದೆ. ಮೊದಲ 100 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಬೇಕು. ಸಾಧನಕ್ಕೊಂದು ಗಟ್ಟಿ ದಾರ ಕಟ್ಟಿ ಹ್ಯಾಂಡಲಿಗೆ ಸಿಕ್ಕಿಸುವುದು ಜಾಣತನ.

ನಡುಕದ ವಿಷಯಕ್ಕೆ ಪ್ರತ್ಯೇಕ ಎಚ್ಚರ ಬೇಕು. ಈಗಿನ ಫೋನುಗಳ ಕ್ಯಾಮೆರಾದಲ್ಲಿ ಚಿತ್ರ ಅಲುಗದಂತೆ ಮಾಡಲು ಮಸೂರವನ್ನೇ ಆಯಸ್ಕಾಂತಗಳ ನಡುವೆ ತೇಲಿಸಿಟ್ಟಿರುತ್ತಾರೆ. ಶಕ್ತಿಯುತ ಎಂಜಿನ್ನಿನ ಬೈಕುಗಳ ಹ್ಯಾಂಡಲಿಗೆ ಐಫೋನನ್ನು ನೇರ ಕೂರಿಸಿದರೆ ಈ ವ್ಯವಸ್ಥೆ ಹಾಳಾಗಬಹುದೆಂದು ಆ್ಯಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತು. ಸಣ್ಣ ಎಂಜಿನ್ನಿನ ಸ್ಕೂಟರುಗಳಿಗೂ ನಡುಕ ತಗ್ಗಿಸುವ ಹಿಡಿಕೆ ಬಳಸಿ ಎಂದಿತು. ರಬ್ಬರು ಡ್ಯಾಂಪರ್ ಇರುವ ಹಿಡಿಕೆ ಉಪಯುಕ್ತ. ಅದಕ್ಕಿಂತ ಒಳ್ಳೆಯದು, ಮನೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ನಕ್ಷೆಗಳನ್ನು ಮೊದಲೇ ಇಳಿಸಿಕೊಂಡು ಅದನ್ನೇ ಬೈಕಿಗೆ ಮೀಸಲಿಡುವುದು. ಉಪಗ್ರಹ ಸಂಕೇತ ಪಡೆಯಲು ಸಿಮ್ ಬೇಕಿಲ್ಲ.

ನೀರು ತಡೆಯುವ ಐಪಿ67 ಗುರುತು ನೋಡಿ ಧೈರ್ಯವಾಗಿರುವವರು ಒಂದನ್ನು ಗಮನಿಸಬೇಕು. ಅದರರ್ಥ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ. ಎದುರುಗಾಳಿಗೆ ರಾಚುವ ಮಳೆಯಲ್ಲಿ ಚಾರ್ಜಿಂಗ್ ನಡೆಯುವಾಗಿನ ಮಾತೇ ಬೇರೆ. ಒದ್ದೆ ಪಿನ್ನುಗಳ ನಡುವೆ ಕರೆಂಟು ಹರಿದರೆ ಲೋಹ ತಿಂದುಹೋಗಿ ಕಪ್ಪು ಕಲೆ ನಿಲ್ಲುತ್ತದೆ. ಪೋರ್ಟು ಕೆಳಮುಖವಾಗಿರಲಿ, ಕೇಬಲ್ ಒಮ್ಮೆ ಕೆಳಗೆ ಬಾಗಿ ಮೇಲೆ ಬರಲಿ. ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಮಳೆ ಜೋರಾದರೆ ಚಾರ್ಜಿಂಗ್ ತೆಗೆಯುವುದೇ ಸರಿ. ಬಿಸಿಲಿನಲ್ಲಿ ತೊಂದರೆ ಉಲ್ಟಾ: ಪ್ಲಾಸ್ಟಿಕ್ ಚೀಲದೊಳಗೆ ಫೋನು ಕಾದು, ಪರದೆ ತಾನಾಗಿ ಮಂಕಾಗಿ, ಚಾರ್ಜಿಂಗ್ ನಿಲ್ಲುತ್ತದೆ. ತಂತಿಯಿಲ್ಲದ ಚಾರ್ಜಿಂಗ್ ಆ ಶಾಖವನ್ನು ಇನ್ನಷ್ಟು ಏರಿಸುತ್ತದೆ.

ಈಗ ಆಕಾಶದ ಮಾತು, ಚುಟುಕಾಗಿ. ಸ್ಥಾನ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮೂರು ಜಾಗಕ್ಕೆ, ಒಂದು ಗಡಿಯಾರದ ತಪ್ಪು ಕಳೆಯಲಿಕ್ಕೆ. ಫೋನು ಉಪಗ್ರಹಗಳ ಪಥದ ವಿವರವನ್ನು ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಸಿಮ್ ಇಲ್ಲದ ಸಾಧನ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಸಂಕೇತ ಕಡಿಯದಿದ್ದರೂ ಒಂದೊಂದಕ್ಕೆ ಅರ್ಧ ನಿಮಿಷ. ಬಯಲಿನಲ್ಲಿ ನಿಂತು ಒಂದೆರಡು ನಿಮಿಷ ಕಾದು ಹೊರಡಿ. ನಿಂತ ಬೈಕಿನ ಮುಖ ಯಾವ ಕಡೆಗಿದೆ ಎಂಬುದು ಉಪಗ್ರಹಕ್ಕೆ ತಿಳಿಯುವುದಿಲ್ಲ. ಫೋನು ತನ್ನ ಕಾಂತೀಯ ದಿಕ್ಸೂಚಿ ನೋಡಿ ಹೇಳುತ್ತದೆ. ಉಕ್ಕಿನ ಹ್ಯಾಂಡಲ್, ಆಯಸ್ಕಾಂತದ ಹಿಡಿಕೆ, ಆಯಸ್ಕಾಂತದಿಂದ ಅಂಟುವ ಟ್ಯಾಂಕ್ ಚೀಲ ಮೂರೂ ಅದರ ತಲೆ ಕೆಡಿಸುತ್ತವೆ. 20–30 ಮೀಟರ್ ಚಲಿಸಿದರೆ ಬಾಣ ತಾನೇ ಸರಿಯಾಗುತ್ತದೆ. ಹೊರಟ ಕೂಡಲೇ 'ಹಿಂದಕ್ಕೆ ತಿರುಗಿ' ಎಂದರೆ ಗಾಬರಿಯಿಂದ ತಿರುಗಬೇಡಿ.

ಅಕ್ಷಾಂಶ ರೇಖಾಂಶ ಬೆರಳಚ್ಚಿಸುವವರು ಒಂದು ತಪ್ಪು ಪದೇ ಪದೇ ಮಾಡುತ್ತಾರೆ. 12 ಡಿಗ್ರಿ 30 ಮಿನಿಟನ್ನು 12.30 ಎಂದು ಹಾಕಿಬಿಡುತ್ತಾರೆ. ದಶಮಾಂಶದಲ್ಲಿ ಅದು 12.50. ವ್ಯತ್ಯಾಸ 0.2 ಡಿಗ್ರಿ, ನೆಲದ ಮೇಲೆ 22 ಕಿ.ಮೀ. ದಾರಿಯ ವಿವರ ಉಳಿಸಿಡುವ, ಹಂಚಿಕೊಳ್ಳುವ ಜಿಪಿಎಕ್ಸ್ ಕಡತಗಳಲ್ಲೂ ಗೊಂದಲವಿದೆ: ಟ್ರ್ಯಾಕ್ ಎಂದರೆ ಯಾರೋ ಹೋದ ಜಾಡು, ಹಾಗೇ ಉಳಿಯುತ್ತದೆ, ರೂಟ್ ಎಂದರೆ ಕೆಲವು ಬಿಂದುಗಳು, ನಡುವಿನ ದಾರಿಯನ್ನು ಸಾಧನ ತನ್ನ ನಕ್ಷೆಯಂತೆ ಹೊಸದಾಗಿ ಲೆಕ್ಕ ಹಾಕುತ್ತದೆ. ಒಂದೇ ರೂಟನ್ನು ಹಾಕಿಕೊಂಡ ಇಬ್ಬರು ಬೇರೆ ಬೇರೆ ರಸ್ತೆ ಹಿಡಿಯುವುದು ಇದರಿಂದಲೇ. ಬಿಂದುವನ್ನು ಜಂಕ್ಷನ್ನಿನ ಮೇಲಿಟ್ಟರೆ ಅದು ಪಕ್ಕದ ಓಣಿಗೆ ಸರಿದು, ಓಣಿಗೆ ಹೋಗಿ ತಿರುಗಿ ಬಾ ಎನ್ನುತ್ತದೆ. ನಕ್ಷೆಯನ್ನು ಹಿಗ್ಗಿಸಿ ಜಂಕ್ಷನ್ ದಾಟಿದ ಮೇಲಿನ ನೇರ ರಸ್ತೆಯ ಮೇಲೆ ಬಿಂದು ಇಡಬೇಕು. 'ಅತಿ ಹತ್ತಿರದ ದಾರಿ' ಆಯ್ಕೆಯನ್ನು ಆರಿಸಿಕೊಂಡವರಿಗೆ ಮಣ್ಣುದಾರಿ ಕಾದಿರುತ್ತದೆ. 'ಅತಿ ವೇಗದ ದಾರಿ' ಇಟ್ಟುಕೊಂಡು ಕಚ್ಚಾ ರಸ್ತೆ ತಪ್ಪಿಸುವ ಆಯ್ಕೆ ಹಾಕುವುದು ಮೇಲು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ಬೈಕು 33 ಮೀಟರ್ ಕುರುಡಾಗಿ ಸಾಗಿರುತ್ತದೆ. ಗುರಿ ಬದಲಿಸಬೇಕೆಂದರೆ ಪಕ್ಕಕ್ಕೆ ನಿಲ್ಲಿಸಿಯೇ ಬದಲಿಸಬೇಕು. ಧ್ವನಿ ಸೂಚನೆಯನ್ನು ಹೆಲ್ಮೆಟ್ಟಿನೊಳಗಿನ ಸಣ್ಣ ಸ್ಪೀಕರಿಗೆ ಕೊಟ್ಟರೆ ಪರದೆ ನೋಡುವ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ, ಹಾರ್ನ್ ಸದ್ದು ಕೇಳುವಷ್ಟು ಕಡಿಮೆ ಇಟ್ಟರೆ ಸಾಕು. ಮಳೆಹನಿ ಪರದೆಯನ್ನು ಬೆರಳಿನಂತೆಯೇ ಒತ್ತುತ್ತದೆ, ಹೊರಡುವ ಮೊದಲು ಸ್ಪರ್ಶ ಬೀಗ ಹಾಕಿಕೊಳ್ಳಿ.

ತಮ್ಮ ವಾಹನ ಪುರವಣಿಯಲ್ಲಿ ಅರ್ಧ ಪುಟ ಇದಕ್ಕಾಗಿ ಕೊಡಿ ಎಂಬುದು ನನ್ನ ವಿನಂತಿ. ಬ್ಯಾಟರಿ, ಫ್ಯೂಸ್, ನಾಲ್ಕು ಪಿನ್ನಿನ ರಿಲೇ, ಕನ್ವರ್ಟರ್ ಇಷ್ಟನ್ನು ತೋರಿಸುವ ಒಂದು ಸ್ಪಷ್ಟ ಚಿತ್ರ, ಪಕ್ಕದಲ್ಲಿ ಹ್ಯಾಂಡಲ್ ತಿರುಗಿಸಿ ನೋಡುವ ಪರೀಕ್ಷೆ. ಓದುಗರು ಅದನ್ನು ಕತ್ತರಿಸಿ ಟೂಲ್‌ಕಿಟ್ಟಿನಲ್ಲಿ ಇಟ್ಟುಕೊಳ್ಳುವಂತಿರಲಿ.

ಇತಿ,
ದ್ವಿಚಕ್ರ ವಾಹನಗಳ ವೈರಿಂಗ್ ಕೆಲಸದ ಒಬ್ಬ ಓದುಗ