ಐದು, ಮತ್ತೆ ಐದು

ವರದಿಗೆಂದು ಪರದೇಶಕ್ಕೆ ಹೋಗಿ ಒತ್ತೆಯಾಳಾಗಿದ್ದ ನಾನು ಬಿಡುಗಡೆಯಾಗಿ ಇವತ್ತಿಗೆ ಆರು ವರ್ಷ. ಯಾವ ದೇಶ, ಯಾರು ಹಿಡಿದರು, ಹೇಗೆ ಬಿಟ್ಟರು ಎಲ್ಲ ನಿಮಗೆ ಗೊತ್ತು. ಆಗ ಪೇಪರಿನಲ್ಲಿ ಬಂದದ್ದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ತಿದ್ದುವ ಉತ್ಸಾಹ ನನಗಿಲ್ಲ. ಥ್ಯಾಂಕ್ಸ್ ಹೇಳಲು ಕೂತಿದ್ದೇನೆ. ತಡವಾಯಿತು, ಬೈಯಬೇಡಿ.

ಓಡಾಡಿದ ರಾಯಭಾರ ಕಚೇರಿಯವರು, ದಿನವೂ ಮನೆಗೆ ಫೋನ್ ಮಾಡಿದ ಸಂಪಾದಕರು, ಸಹಿ ಸಂಗ್ರಹಿಸಿದ ಗೆಳೆಯರು, ಮತ್ತೆ ನಿದ್ದೆ ಕಲಿಸಿದ ಡಾಕ್ಟರ್, ನನ್ನ ಅಕ್ಕ, ಎಲ್ಲರಿಗೂ ಕೈ ಮುಗಿಯುತ್ತೇನೆ. ಹೆಂಡತಿಯನ್ನು ಈ ಪಟ್ಟಿಗೆ ಸೇರಿಸಿದರೆ ಅವಳಿಗೆ ಸಿಟ್ಟು ಬರುತ್ತದೆ, ಅದಕ್ಕೇ ಸೇರಿಸಿಲ್ಲ.

ಬರೆಯಬೇಕಾಗಿರುವುದು ನನ್ನ ಫಿಕ್ಸರ್ ಬಗ್ಗೆ. ನಮ್ಮ ಕಸುಬಿನ ಹೊರಗೆ ಈ ಪದ ಅಷ್ಟಾಗಿ ಗೊತ್ತಿಲ್ಲ. ಪರದೇಶದ ವರದಿಗಾರನಿಗೆ ಭಾಷೆ, ದಾರಿ, ಜನರ ಪರಿಚಯ ಎಲ್ಲ ಒದಗಿಸುವ ಅಲ್ಲಿಯ ಮನುಷ್ಯ. ಇವನು ಕಾರನ್ನೂ ಓಡಿಸುತ್ತಿದ್ದ. ವರದಿಯ ಮೇಲೆ ನಮ್ಮ ಹೆಸರಿರುತ್ತದೆ, ಅವರದ್ದು ಇರುವುದಿಲ್ಲ. ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದಾಗಲೂ ಸುದ್ದಿಯಲ್ಲಿ ಅವನು ಬರೀ 'ಚಾಲಕ'. ಇಲ್ಲೂ ಹೆಸರು ಬರೆಯಲಾರೆ. ಅವನು ಇನ್ನೂ ಅಲ್ಲೇ ಇದ್ದಾನೆ.

ನಮ್ಮನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಹಾಕಿದ್ದರು. ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದಾಗ ಒತ್ತೆಯಾಳುಗಳ ಕಥೆ ತುಂಬಾ ಓದಿದ್ದೆ, ಓದಬಾರದಿತ್ತು. ಎಪಿ ಸುದ್ದಿಸಂಸ್ಥೆಯ ಟೆರ್ರಿ ಆಂಡರ್ಸನ್ ಅವರನ್ನು 1985ರ ಮಾರ್ಚ್ 16ರಂದು ಬೈರೂತ್‌ನಲ್ಲಿ ಎತ್ತಿಕೊಂಡು ಹೋದವರು ಬಿಟ್ಟದ್ದು 1991ರ ಡಿಸೆಂಬರ್ 4ಕ್ಕೆ. ಅವರು ಒಳಗಿದ್ದಾಗ ಹುಟ್ಟಿದ ಮಗಳಿಗೆ ಆಗ ಆರು ವರ್ಷ. ಮೊದಲ ವಾರವಿಡೀ ನನ್ನ ತಲೆಯಲ್ಲಿ ಒಂದೇ ಅಂಕಿ: 2,454 ದಿನ. ಅದೇ ಬೈರೂತ್‌ನಲ್ಲಿ, ಬೇರೆಯವರನ್ನು ಬಿಡಿಸಲು ಹೋಗಿ ತಾವೇ ಸಿಕ್ಕಿಬಿದ್ದ ಟೆರ್ರಿ ವೇಯ್ಟ್ ಪಕ್ಕದ ಕೋಣೆಯವರ ಜೊತೆ ಗೋಡೆ ತಟ್ಟಿ ಮಾತಾಡಿದ್ದರು. ವಿಯೆಟ್ನಾಂನಲ್ಲಿ ಅಮೆರಿಕದ ಸೆರೆಯಾಳುಗಳದ್ದು ಇನ್ನೂ ಚುರುಕು. ಇಂಗ್ಲಿಷಿನ 'ಕೆ' ಬಿಟ್ಟು 25 ಅಕ್ಷರಗಳನ್ನು ಐದೈದರ ಐದು ಸಾಲು ಮಾಡಿಕೊಂಡಿದ್ದರು. ಮೊದಲು ಸಾಲಿನ ಸಂಖ್ಯೆ ತಟ್ಟುವುದು, ಆಮೇಲೆ ಸಾಲಿನೊಳಗಿನ ಸಂಖ್ಯೆ.

ಕನ್ನಡದಲ್ಲಿ ಆ ಚೌಕ ಮೊದಲೇ ಸಿದ್ಧವಾಗಿದೆ ಅಂತ ಹೊಳೆದದ್ದು ಅಲ್ಲಿ, ಕತ್ತಲಲ್ಲಿ. ಕ ಖ ಗ ಘ ಙ ಇಂದ ಪ ಫ ಬ ಭ ಮ ತನಕ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಐದು ಸಾಲು. ಸ್ವರಗಳಿಗೆ ಜಾಗವಿಲ್ಲ, ಹಾಗಾಗಿ ಅಮ್ಮ ಎಂದು ತಟ್ಟಲು ಅ ಸಿಗುವುದಿಲ್ಲ. ಮ ಸಿಗುತ್ತದೆ. ಕೊನೆಯ ಸಾಲಿನ ಕೊನೆಯದು. ಐದು, ಮತ್ತೆ ಐದು. ಸುಮ್ನೆ ನನ್ನಷ್ಟಕ್ಕೆ ತಟ್ಟಿಕೊಳ್ಳುತ್ತಿದ್ದೆ. ಒಂದು ದಿನ ಆಚೆಯಿಂದ ವಾಪಸ್ ಬಂತು. ಐದು. ಐದು.

ಆ ರಾತ್ರಿ ಯಾವುದೆಂದು ಹತ್ತಿರದವರಿಗೆ ಗೊತ್ತು. ಬೆಳಗಾದರೆ ನಿನ್ನ ಸರದಿ ಎಂದು ಕಾವಲಿನವನು ಹೇಳಿ ಹೋದ. ನಾನು ಮೂಲೆಯಲ್ಲಿ ಮುದುರಿಕೊಂಡೆ. ಬಟ್ಟೆ ಒದ್ದೆಯಾಗಿತ್ತು, ಅದನ್ನೂ ಬರೆದುಬಿಡುತ್ತೇನೆ. ಗೋಡೆಯಾಚೆಯಿಂದ ನನ್ನ ಫಿಕ್ಸರ್ ತಟ್ಟಿದ. ನಾನು ಉತ್ತರ ಕೊಡಲಿಲ್ಲ. ಮತ್ತೆ ತಟ್ಟಿದ. ಹೆಜ್ಜೆ ಸಪ್ಪಳ ಕೇಳಿದರೆ ನಿಲ್ಲಿಸುತ್ತಿದ್ದ, ದೂರವಾದ ಮೇಲೆ ಶುರು. ಸಿಕ್ಕಿಬಿದ್ದರೆ ಏನಾಗುತ್ತದೆಂದು ಅವನಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಪರದೇಶದವನನ್ನು ಕೊಟ್ಟರೆ ದುಡ್ಡು ಬರುತ್ತದೆ. ಅವನನ್ನು ಕೊಟ್ಟರೆ ಏನು ಬರುತ್ತದೆ?

ಬೆಳಗಿನ ಜಾವ ತೆವಳಿಕೊಂಡು ಹೋಗಿ ಗೋಡೆಗೆ ಕಿವಿ ಇಟ್ಟೆ. ಅವನು ತೂಕಡಿಸುತ್ತಾ ತಟ್ಟುತ್ತಿದ್ದ. ಐದು, ನಾಲ್ಕು. ಮ ಹೋಗಿ ಭ ಆಗಿತ್ತು. ಆ ಹೊತ್ತಿನಲ್ಲೂ ಅಕ್ಷರ ತಪ್ಪಿದ್ದು ಕಣ್ಣಿಗೆ ಬಿತ್ತಲ್ಲ, ಡೆಸ್ಕಿನ ಬುದ್ಧಿ ಹೋಗುವುದಿಲ್ಲ. ನಗು ಬಂತು. ಬೆಳಗಾಯಿತು. ಯಾರೂ ಬರಲಿಲ್ಲ.

ನನ್ನನ್ನು ಮೊದಲು ಬಿಟ್ಟರು. ಅವನನ್ನು ಬಿಟ್ಟದ್ದು ಮತ್ತೂ ಹತ್ತೊಂಬತ್ತು ದಿನಕ್ಕೆ. ನಾನು ಕ್ಯಾಮೆರಾಗಳ ಮುಂದೆ ನಗುತ್ತಿದ್ದಾಗ ಅವನು ಅದೇ ಕೋಣೆಯಲ್ಲಿದ್ದ, ಪಕ್ಕದ ಕೋಣೆ ಖಾಲಿ. ತಟ್ಟಿರುತ್ತಾನೆ, ಅಲ್ವಾ? ತನಗೆ ಎಷ್ಟು ಪೆಟ್ಟಾಗಿದೆ ಎಂಬುದು ಹೊರಬಂದಾಗ ತನಗೇ ತಿಳಿದಿರಲಿಲ್ಲ ಎಂದು ಆಂಡರ್ಸನ್ ವರ್ಷಗಳ ಮೇಲೆ ಹೇಳಿಕೊಂಡಿದ್ದರು. ನನ್ನ ಪೆಟ್ಟು ಎಲ್ಲಿದೆ ಅಂತ ನನಗೆ ಗೊತ್ತು. ಆ ಹತ್ತೊಂಬತ್ತು ದಿನಗಳಲ್ಲಿದೆ.

ಬಿಡುಗಡೆಯಾದ ಮೇಲೆ ಫೋನ್ ಮಾಡಿ ಅವನು ಮೊದಲು ಕೇಳಿದ್ದು, ಆ ಐದು-ಐದು ಅಂದರೆ ಏನು ಅಂತ. ಹೇಳಿದೆ. ಅವನು ಅದನ್ನು ನೀರು ಬೇಕು ಅನ್ನುವ ಗುರುತು ಎಂದುಕೊಂಡಿದ್ದನಂತೆ. ನನಗೂ ಬಾಯಾರಿಕೆ ಎಂದು ವಾಪಸ್ ತಟ್ಟುತ್ತಿದ್ದನಂತೆ. ಹಾಗಾದರೆ ಆ ರಾತ್ರಿ ಯಾಕೆ ಅಷ್ಟು ತಟ್ಟಿದೆ ಎಂದೆ.

"ಭಯವಾಗಿತ್ತು. ನೀನು ಒಂದು ಸಲ ತಟ್ಟಲಿ ಅಂತ."

ನಾನು ತಟ್ಟಿರಲಿಲ್ಲ.

ಇರಲಿ. ನೀವೆಲ್ಲ ಸೇರಿಸಿಕೊಟ್ಟ ಹಣದಲ್ಲಿ ಉಳಿದದ್ದನ್ನು ಅವನಿಗೆ ಕಳಿಸಿದ್ದೆ, ನೆನಪಿರಬಹುದು. ಹಿಡಿದವರು ಅವನ ಕಾರು ವಾಪಸ್ ಕೊಡಲಿಲ್ಲ. ಹಳೆಯದೊಂದು ತಗೊಂಡಿದ್ದಾನೆ. ಪತ್ರಕರ್ತರನ್ನು ಹತ್ತಿಸಿಕೊಳ್ಳುವುದಿಲ್ಲ. ತರಕಾರಿ ಸಾಗಿಸುತ್ತಾನೆ. ತರಕಾರಿ ಪ್ರಶ್ನೆ ಕೇಳುವುದಿಲ್ಲವಂತೆ.