ಗ್ರಂಥಾಲಯ ಕರ ಪುಸ್ತಕಕ್ಕೇ ಸಲ್ಲಲಿ

ಮಾನ್ಯ ಸಂಪಾದಕರೇ,

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ರೂಪುಗೊಂಡಾಗ, ಊರಿನವರು ದಿನಪತ್ರಿಕೆ ಓದಲು ಮತ್ತು ಕಾದಂಬರಿಯನ್ನು ಎರವಲು ಪಡೆಯಲು ಬರುವ ತಾಣವಾಗಿ ಗ್ರಂಥಾಲಯವನ್ನು ಕಲ್ಪಿಸಿಕೊಂಡಿದ್ದಿರಬೇಕು. ಇಂದು ಜಿಲ್ಲಾ ಕೇಂದ್ರಗಳ ಗ್ರಂಥಾಲಯಗಳಲ್ಲಿ ಬೆಳಗಿನಿಂದಲೇ ಕುರ್ಚಿ ಹಿಡಿಯುವವರಲ್ಲಿ ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಾಗುವ ಯುವಜನರು. ಮನೆಯಲ್ಲಿ ಪ್ರತ್ಯೇಕ ಕೋಣೆಯಿಲ್ಲದವರಿಗೆ, ಖಾಸಗಿ ಓದುಕೋಣೆಗಳ ತಿಂಗಳ ಶುಲ್ಕ ಭರಿಸಲಾಗದವರಿಗೆ ಇದಕ್ಕಿಂತ ಬೇರೆ ಆಸರೆಯಿಲ್ಲ. ಅವರನ್ನು ‘ನಿಜವಾದ ಓದುಗರಲ್ಲ’ ಎಂದು ಮೂಗು ಮುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ವ್ಯಾಪ್ತಿಗೆ ಬಂದು, ಈಗ ‘ಅರಿವು ಕೇಂದ್ರ’ಗಳಾಗಿವೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ಸಂತಸದ ಸಂಗತಿಯೇ. ಆದರೆ ಪರದೆ ಬಂದಿತೆಂದು ಕಪಾಟಿಗೆ ಹೊಸ ಪುಸ್ತಕ ಬರುವುದು ನಿಲ್ಲಬಾರದು.

ಹಣವೇ ಇಲ್ಲವೆಂಬ ಮಾತನ್ನು ಒಪ್ಪುವುದು ಕಷ್ಟ. ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲರೂ ಶೇ 6ರಷ್ಟು ಗ್ರಂಥಾಲಯ ಕರವನ್ನು ತೆರುತ್ತಿದ್ದೇವೆ. ಹೀಗೆ ಸಂಗ್ರಹವಾದ ಮೊತ್ತವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಪ್ರಾಧಿಕಾರಗಳಿಗೆ ಸಕಾಲದಲ್ಲಿ ವರ್ಗಾಯಿಸುವುದಿಲ್ಲವೆಂಬ ದೂರು ಹಳೆಯದು. ಪ್ರತಿ ನಗರಸಭೆಯೂ ಎಷ್ಟು ಕರ ಸಂಗ್ರಹಿಸಿತು, ಎಷ್ಟು ವರ್ಗಾಯಿಸಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಆಯಾ ಗ್ರಂಥಾಲಯದ ಸೂಚನಾ ಫಲಕದಲ್ಲೇ ಪ್ರಕಟಿಸುವಂತೆ ಸರ್ಕಾರ ಆದೇಶಿಸಬೇಕು.

– ಓರ್ವ ಓದುಗ, ತುಮಕೂರು