ಜೇಡನ ಬಿಲದಲ್ಲಿ ಬಾಳುವ ಹಾವುರಾಣಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಊರಿನ ಹೊರಗೆ, ಕುರಿ ಮೇಯುವ ಬಯಲಿನಲ್ಲಿ ಎರಡು ಗಂಟೆ ಬೋರಲು ಮಲಗಿ ಕೊನೆಗೆ ಕಂಡದ್ದೇನು ಎಂದು ಕೇಳಿದ್ದೀಯೆ. ಹೆಬ್ಬೆರಳು ಹಿಡಿಸುವಷ್ಟೇ ಅಗಲದ ಒಂದು ದುಂಡು ತೂತಿನಿಂದ ಮೊದಲು ಮೂತಿ, ತುಸು ಹೊತ್ತಿನ ಮೇಲೆ ಕಣ್ಣು, ಆಮೇಲೆ ಎರಡು ಮುಂಗಾಲು ಹೊರಬಂದವು. ಉಳಿದ ಮೈಯನ್ನು ಬಿಲದಲ್ಲೇ ಇರಿಸಿಕೊಂಡು ಅದು ಬಿಸಿಲು ಕಾಯುತ್ತಿತ್ತು. ಗೇಣುದೂರದಲ್ಲಿ ಮಿಡತೆಯೊಂದು ಇಳಿದಾಗ ಮಾತ್ರ ಚಿಮ್ಮಿ ಬಂದು ಅದನ್ನು ಕಚ್ಚಿಕೊಂಡು, ನಾನು ದುರ್ಬೀನು ಸರಿಪಡಿಸಿಕೊಳ್ಳುವಷ್ಟರಲ್ಲಿ ಒಳಸೇರಿಬಿಟ್ಟಿತು.

ಇದು ಪಿಗ್ಮಿ ಬ್ಲೂಟಂಗ್, ಎಂದರೆ ನೀಲಿನಾಲಿಗೆಯ ಹಾವುರಾಣಿಗಳ ಬಳಗದಲ್ಲೇ ಅತಿ ಚಿಕ್ಕದು. ತಮಾಷೆಯೆಂದರೆ ಇದರ ನಾಲಿಗೆ ನೀಲಿಯಲ್ಲ, ನಸುಗೆಂಪು. 1863ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಿಲ್ಹೆಲ್ಮ್ ಪೀಟರ್ಸ್ ಇದನ್ನು ವಿವರಿಸಿ, ಇದರ ವೈಜ್ಞಾನಿಕ ಹೆಸರಿನಲ್ಲಿ ಅಡಿಲೇಡ್ ನಗರದ ಹೆಸರನ್ನೇ ಇಟ್ಟರಾದರೂ, ಈಗ ಇದು ಉಳಿದಿರುವುದು ಆ ನಗರದಿಂದ ಬಹುದೂರ ಉತ್ತರದ ಕೆಲವು ಹುಲ್ಲುಗಾವಲುಗಳಲ್ಲಿ ಮಾತ್ರ. 1959ರ ನಂತರ ಯಾರ ಕಣ್ಣಿಗೂ ಬೀಳದೆ, ಅಳಿದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಈ ಜೀವಿ 1992ರ ಅಕ್ಟೋಬರಿನಲ್ಲಿ ಮತ್ತೆ ಸಿಕ್ಕಿದ್ದು, ಬರ್ರಾದ ಬಳಿ ರಸ್ತೆಯಲ್ಲಿ ಸತ್ತುಬಿದ್ದಿದ್ದ ಕಂದುಹಾವಿನ ಹೊಟ್ಟೆಯೊಳಗೆ. ಮನುಷ್ಯರು ಮೂವತ್ತಮೂರು ವರ್ಷ ಕಾಣದ್ದನ್ನು ಹಾವು ಊಟಕ್ಕೆಂದು ಹುಡುಕಿಕೊಂಡಿತ್ತು.

ಹಾವಿಗೆ ತಿಳಿದಿದ್ದು ಇದರ ವಿಳಾಸ. ಈ ಹಾವುರಾಣಿ ತಾನಾಗಿ ಬಿಲ ತೋಡುವುದಿಲ್ಲ. ತೋಳಜೇಡ ಮತ್ತು ಬಾಗಿಲುಜೇಡಗಳು ನೇರವಾಗಿ ಕೆಳಕ್ಕೆ ಕೊರೆದು ಬಿಟ್ಟುಹೋದ ತೂತುಗಳೇ ಇದರ ಮನೆ. ಆದಷ್ಟು ಆಳವಾದ, ತನ್ನ ತಲೆ ಹಿಡಿಸುವಷ್ಟೇ ಬಾಯಿಯಿರುವ ಬಿಲವೇ ಇದಕ್ಕೆ ಇಷ್ಟ. ಮೊಟ್ಟೆಯಿಡದೆ ಬೇಸಿಗೆಯ ಕೊನೆಗೆ ಮರಿಹಾಕುತ್ತದೆ. ಮರಿಗಳು ಕೆಲವೇ ವಾರಗಳಲ್ಲಿ ತಾಯಿಯ ಬಿಲ ಬಿಟ್ಟು ತಮ್ಮದೊಂದು ತೂತು ಹುಡುಕಿಕೊಳ್ಳಬೇಕು.

ಆದ್ದರಿಂದಲೇ ನೇಗಿಲು ಇದರ ಪಾಲಿನ ಮೃತ್ಯು. ಒಮ್ಮೆ ಉತ್ತರೆ ಬಿಲಗಳ ಜೊತೆಗೆ ಅವನ್ನು ತೋಡುವ ಜೇಡಗಳೂ ಹೋಗುತ್ತವೆ. ಎಂದೂ ಉಳದ ಖಾಸಗಿ ಮೇವುಗಾವಲುಗಳಲ್ಲೇ ಇದು ಹೆಚ್ಚಾಗಿ ಉಳಿದಿರುವುದು ಆಕಸ್ಮಿಕವಲ್ಲ. ಬೇಲಿ ಹಾಕಿ ಕುರಿಗಳನ್ನು ಓಡಿಸಿಬಿಡಬೇಕು ಎಂಬ ನಿನ್ನ ಸಲಹೆಯನ್ನು ನಾನು ಒಪ್ಪಲಾರೆ: ಹುಲ್ಲು ತೀರಾ ದಟ್ಟವಾದರೆ ಬಿಲದ ಬಾಯಿಗೆ ಬಿಸಿಲೂ ಬೀಳದು, ಬೇಟೆಯೂ ಕಾಣದು. ಮಿತವಾಗಿ ಮೇಯಿಸುವುದೇ ಲೇಸು.

ಸಂಶೋಧಕರು ಮರದ ದುಂಡುಕೋಲಿನ ಒಡಲು ಕೊರೆದು ನೆಲದಲ್ಲಿ ಹೂತರೆ, ಆ ಕೃತಕ ಬಿಲಕ್ಕೂ ಇವು ಒಕ್ಕಲು ಬರುತ್ತವೆ. ಒಳಗೆ ಯಾರಿದ್ದಾರೆಂದು ನೋಡಲು ತೆಳು ಕೊಳವೆಯ ಕ್ಯಾಮೆರಾ ಇಳಿಸುವುದು ವಾಡಿಕೆ. ಅಂದು ನಾನೂ ಪಕ್ಕದ ಬಿಲವೊಂದರಲ್ಲಿ ಇಣುಕಿದೆ. ಹಾವುರಾಣಿಯ ಬದಲು ಎಂಟು ಕಣ್ಣುಗಳು ಬೆಳಕಿಗೆ ಹೊಳೆದವು. ಮನೆಯೊಡತಿ ಇನ್ನೂ ಮನೆ ಖಾಲಿಮಾಡಿರಲಿಲ್ಲ.

ಇಂತಿ,
ನಿನ್ನ ಗೆಳೆಯ